ಗಡಿ ಗೊತ್ತಿಲ್ಲದವರಿಗೆ ಬೀಜ ಕೊಟ್ಟು ಏನು ಮಾಡುವುದು?

ಬದಿಯಡ್ಕದ ನಮ್ಮ ತೋಟಕ್ಕೂ ಪಕ್ಕದವರ ತೋಟಕ್ಕೂ ನಡುವೆ ಒಂದು ಅಗಳು ಇದೆ. ಮಳೆಗಾಲದಲ್ಲಿ ಅದರ ಬರೆ ಒಂದು ಮೊಳ ಕುಸಿದರೆ ಸಾಕು, ಆ ಜಾಗ ಯಾರದ್ದು ಅಂತ ಮಾತು ಶುರು. ಸರ್ವೆ ಕಲ್ಲು ಇದೆ, ಎರಡೂ ಕಡೆ ದಾಖಲೆ ಇದೆ, ಆದರೂ ಹೀಗೆ. ಹಾಗಿರುವಾಗ ಹತ್ತು ವರ್ಷ ಖಾಲಿ ಬಿದ್ದಿದ್ದ ಊರಲ್ಲಿ, ಕಾಗದವೇ ಇಲ್ಲದ ಜಾಗದಲ್ಲಿ ಏನಾಗಬಹುದು ಅಂತ ನಾನು ಮೊದಲೇ ಯೋಚಿಸಬೇಕಿತ್ತು. ಯೋಚಿಸದೆ ಬೀಜದ ಚೀಲ ಹಿಡಿದುಕೊಂಡು ಹೋದೆ.

ಹೋದದ್ದು ಉತ್ತರ ಉಗಾಂಡಕ್ಕೆ, ಗುಲು ಪಟ್ಟಣದ ಆಚೆಯ, ಅಚೋಲಿ ಜನರ ಹಳ್ಳಿಗಳಿಗೆ. ಜೋಸೆಫ್ ಕೋನಿಯ ಬಂಡುಕೋರರಿಗೂ ಸೇನೆಗೂ ಅಲ್ಲಿ ಸುಮಾರು 20 ವರ್ಷ ಯುದ್ಧ. 1996ರಿಂದ ಸರ್ಕಾರವೇ ಹಳ್ಳಿಯವರನ್ನು ಶಿಬಿರಗಳಿಗೆ ಕಳಿಸಿತ್ತು. ಒಂದು ಹಂತದಲ್ಲಿ ಮನೆ ಬಿಟ್ಟವರು 18 ಲಕ್ಷದಷ್ಟು ಇದ್ದರು. 2006ರ ಆಗಸ್ಟ್‌ನಲ್ಲಿ ಕದನವಿರಾಮಕ್ಕೆ ಸಹಿ ಬಿತ್ತು, ಆಮೇಲೆ ಜನ ಮೆಲ್ಲ ಮೆಲ್ಲ ಊರಿಗೆ ಹೊರಟರು.

ಹಾಗೆ ಮರಳಿದವರಿಗೆ ಬೀಜ ಹಂಚುವ ಯೋಜನೆ ನಮ್ಮದು. ಪಟ್ಟಿಯಲ್ಲಿ ಎಳ್ಳು, ನೆಲಕಡಲೆ, ರಾಗಿ, ಗುದ್ದಲಿ. (ರಾಗಿ ಹುಟ್ಟಿದ್ದೇ ಆ ಕಡೆಯ ಗುಡ್ಡನಾಡಿನಲ್ಲಿ, ಅದನ್ನು ಬಿತ್ತುವುದು ಹೇಗೆ ಅಂತ ಅವರಿಗೆ ನಾನು ತರಬೇತಿ ಕೊಡುವುದಂತೆ!) ಹಂಚಿದ್ದಾಯಿತು, ಫೋಟೋ ತೆಗೆದದ್ದಾಯಿತು. ತಿಂಗಳು ಕಳೆದು ಹೋಗಿ ನೋಡಿದರೆ ಅರ್ಧದಷ್ಟು ಮನೆಗಳಲ್ಲಿ ಬಿತ್ತನೆಯೇ ಇಲ್ಲ. ಬೀಜ ಹುರಿದು ತಿಂದಿದ್ದಾರೆ ಅಂತ ನನಗೆ ಸಿಟ್ಟು. ಒಬ್ಬರು ಅಜ್ಜಿ ನಕ್ಕರು. "ಎಲ್ಲಿ ಬಿತ್ತಲಿ ಮಗಾ? ನನ್ನ ಗಂಡ ಶಿಬಿರದಲ್ಲಿ ಸತ್ತ. ಈಗ ಅವನ ತಮ್ಮ ಆ ಹೊಲ ತನ್ನದು ಅನ್ನುತ್ತಾನೆ. ಗಡಿ ಗೊತ್ತಿದ್ದ ಹಿರಿಯರೂ ಶಿಬಿರದಲ್ಲೇ ಹೋದರು."

ಅಲ್ಲಿನ ಜಮೀನು ಹೆಚ್ಚಿನದು ಕುಲದ ಕಟ್ಟಳೆಯಲ್ಲಿ ನಡೆಯುವಂಥದ್ದು. ಅದಕ್ಕೆ 1998ರ ಕಾನೂನಿನ ಮಾನ್ಯತೆಯೂ ಇದೆ. ಆದರೆ ಗುರುತು ಅಂದರೆ ಒಂದು ಮರ, ಒಂದು ಹುತ್ತ, ತೋಡಿನ ತಿರುವು, ಅಜ್ಜನ ಗೋರಿ, ಇಷ್ಟೇ. ಶಿಬಿರದಲ್ಲೇ ಹುಟ್ಟಿ ಬೆಳೆದ ಹುಡುಗ ಅದನ್ನು ನೋಡಿಯೇ ಇಲ್ಲ. ಶಿಬಿರಗಳೂ ಯಾರದೋ ಹೊಲದಲ್ಲೇ ಇದ್ದದ್ದು. ಆ ಹೊಲದವರಿಗೆ ಜಾಗ ವಾಪಸು ಬೇಕು, ಆದರೆ ಅದರ ತುಂಬ ಬೇರೆಯವರ ಗೋರಿಗಳು. ಅದು ಇನ್ನೊಂದೇ ಕತೆ, ಇಲ್ಲಿ ಹಿಡಿಸುವುದಿಲ್ಲ.

ಆಮೇಲೆ ಬೀಜ ಬದಿಗಿಟ್ಟು ಗಡಿ ನಡೆಯಲು ಶುರು ಮಾಡಿದೆವು. ಊರಲ್ಲಿ ಜಮೀನಿನ ಮಾತು ನೋಡಿಕೊಳ್ಳುವವರಿಗೆ 'ರ್ವೋಟ್ ಕ್ವೇರಿ' ಅನ್ನುತ್ತಾರೆ, ಗುದ್ದಲಿಯ ಒಡೆಯ ಅಂತ ಅರ್ಥ. ಹೆಚ್ಚುಕಡಿಮೆ ನಮ್ಮ ಗುರಿಕ್ಕಾರರ ಹಾಗೆ. ಅವರು ಮುಂದೆ, ತಕರಾರಿನ ಎರಡೂ ಕಡೆಯವರು ಹಿಂದೆ, ನಾಲ್ಕೂ ದಿಕ್ಕಿನ ನೆರೆಯವರು ಸಾಕ್ಷಿ. ನಡೆಯುತ್ತಾ ಒಪ್ಪಿದಲ್ಲೆಲ್ಲ ಒಂದೊಂದು ಸಸಿ ನೆಡುವುದು, ಕೊನೆಗೆ ಕೈಯಲ್ಲೇ ನಕ್ಷೆ ಬರೆದು ಎಲ್ಲರ ಹೆಬ್ಬೆಟ್ಟು. ಮೊದಲ ಎರಡು ಸಲ ಗಂಡಸರನ್ನು ಮಾತ್ರ ಕರೆದು ಕೆಟ್ಟೆವು. ಸೌದೆಗೆ, ನೀರಿಗೆ ಅಂತ ಆ ದಾರಿಗಳನ್ನು ದಿನಾ ತುಳಿದದ್ದು ಹೆಂಗಸರು, ಹಳೆಯ ಮರದ ಬೊಡ್ಡೆ ಎಲ್ಲಿತ್ತು ಅಂತ ಅವರಿಗೇ ಜಾಸ್ತಿ ನೆನಪು. ಆ ಅಜ್ಜಿಯೂ ಬಂದರು. ಮೈದುನನ ಎದುರೇ ಕೋಲು ಊರಿ ತೋರಿಸಿದರು. ಅವನು ಪೂರ್ತಿ ಒಪ್ಪಲಿಲ್ಲ, ಅರ್ಧ ಹೊಲ ಬಿಟ್ಟ.

ಆಡಿಟ್‌ನವರು ಕೇಳಿದರು, ಬೀಜದ ಯೋಜನೆಯಲ್ಲಿ ಗಡಿ ನಡೆದವರ ಊಟದ ಖರ್ಚು, ಸಸಿಯ ಖರ್ಚು ಯಾಕೆ ಅಂತ. ಆ ಬಿಲ್ಲು ತುಂಬ ದಿನ ಪಾಸಾಗಲಿಲ್ಲ.

ಇಂಥ ಕೆಲಸಕ್ಕೆ ಹೊರಟವರು ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೆ: ಅಲ್ಲಿ ಬಿತ್ತನೆ ಮಳೆ ಮಾರ್ಚ್-ಏಪ್ರಿಲ್ ಹೊತ್ತಿಗೆ, ಹಾಗಾಗಿ ಜನವರಿ-ಫೆಬ್ರವರಿಯಲ್ಲೇ ಗಡಿ ನಡೆದು ಮುಗಿಸಿ. ಆಗ ಹುಲ್ಲು ಸುಟ್ಟು ನೆಲ ಬೋಳಾಗಿರುತ್ತದೆ, ಹುತ್ತ, ಗೋರಿ, ಬೊಡ್ಡೆ ಎಲ್ಲ ಕಣ್ಣಿಗೆ ಕಾಣುತ್ತವೆ. ಸಸಿ ಮಾತ್ರ ಮಳೆ ಬಂದ ಮೇಲೆ ನೆಡಿ, ನಾವು ಬಿಸಿಲಲ್ಲಿ ನೆಟ್ಟದ್ದು ಅರ್ಧಕ್ಕರ್ಧ ಒಣಗಿತು.