ಬ್ಯಾಕಪ್ ಇದೆ ಸರಿ, ಬೇರೆ ಕಡೆ ಎಬ್ಬಿಸಿ ನೋಡಿದ್ದೀರಾ?

"ನಮ್ದು ಎಲ್ಲಾ ಓಪನ್ ಸೋರ್ಸ್ ಸಾರ್. ಈ ಕ್ಲೌಡ್ ಬೇಡ ಅನ್ಸಿದ್ರೆ ಯಾವಾಗ ಬೇಕಾದ್ರೂ ಬೇರೆ ಕಡೆ ಎತ್ಕೊಂಡು ಹೋಗ್ಬಹುದು."

ಕೊಡಗಿನ ಕುಶಾಲನಗರ, ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಎಲ್ಲಿಗೆ ಕೆಲಸಕ್ಕೆ ಹೋದರೂ ಈ ಮಾತು ಕೇಳುತ್ತೇನೆ. ಕ್ಲೌಡ್ ಅಂದರೆ ಇನ್ನೊಂದು ಕಂಪನಿಯ ಬಾಡಿಗೆ ಕಂಪ್ಯೂಟರ್. ಎಸ್ಟೇಟ್ ಆಫೀಸಿನಲ್ಲಿ ಲೆಕ್ಕ ಬರೆಯುವ ರೈಟರ್ ಹೇಳುತ್ತಾರೆ, ಹೋಂಸ್ಟೇ ನಡೆಸುವ ಅಕ್ಕಂದಿರು ಹೇಳುತ್ತಾರೆ, ಅವರಿಗೆ ಸಾಫ್ಟ್‌ವೇರ್ ಮಾಡಿಕೊಟ್ಟ ಹುಡುಗರಂತೂ ಎದೆಯುಬ್ಬಿಸಿ ಹೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ. ಒಂದು ಸಲವಾದರೂ ಎತ್ತಿಕೊಂಡು ಹೋಗಿ ನೋಡಿದ್ದೀರಾ? "ಇಲ್ಲ, ಆದ್ರೆ ಬ್ಯಾಕಪ್ ದಿನಾ ಆಗ್ತಿದೆ" ಅನ್ನುತ್ತಾರೆ. ಈ ಉತ್ತರ ಕೇಳಿ ಕೇಳಿ ಸಾಕಾಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಓಪನ್ ಸೋರ್ಸ್, ಅಂದರೆ ಕೋಡನ್ನು ಯಾರು ಬೇಕಾದರೂ ನೋಡಿ, ಬದಲಿಸಿ ಬಳಸಬಹುದಾದ ಸಾಫ್ಟ್‌ವೇರ್, ಅದರ ಬಗ್ಗೆ ನನ್ನ ತಕರಾರಿಲ್ಲ. ನನ್ನ ಅನ್ನವೇ ಅದು. 2023ರ ಆಗಸ್ಟ್‌ನಲ್ಲಿ ಕ್ಲೌಡ್ ಮೆಷಿನ್‌ಗಳನ್ನು ಕೋಡ್ ಬರೆದು ಸಿದ್ಧಪಡಿಸುವ ಟೆರಾಫಾರ್ಮ್‌ನ ಲೈಸೆನ್ಸ್ ಬಿಗಿಯಾಯಿತು. ಒಂದೆರಡು ತಿಂಗಳೊಳಗೆ ಹಳೆಯ ಕೋಡ್ ಹಿಡಿದು ಓಪನ್‌ಟೋಫು ಹುಟ್ಟಿತು, ಲಿನಕ್ಸ್ ಫೌಂಡೇಶನ್ ಅದಕ್ಕೆ ಆಸರೆ ಕೊಟ್ಟಿತು. 2024ರ ಮಾರ್ಚ್‌ನಲ್ಲಿ ರೆಡಿಸ್ ಎಂಬ ಡೇಟಾ ಸಂಗ್ರಹ ಸಾಫ್ಟ್‌ವೇರ್ ಲೈಸೆನ್ಸ್ ಬದಲಿಸಿದಾಗಲೂ ಹಾಗೇ ವ್ಯಾಲ್ಕೀ ಬಂತು. ಅದಕ್ಕೂ ಹಿಂದೆ, 2009ರಲ್ಲಿ, ಮೈಎಸ್‌ಕ್ಯೂಎಲ್ ಡೇಟಾಬೇಸಿನಿಂದ ಮರಿಯಾಡಿಬಿ ಕವಲೊಡೆದಿತ್ತು. ಕಂಪನಿ ಮನಸ್ಸು ಬದಲಿಸಿದರೂ ಕೋಡ್ ನಮ್ಮ ಕೈಯಲ್ಲೇ ಇರುತ್ತದೆ, ಇದು ಸಣ್ಣ ಮಾತಲ್ಲ. ಆದರೆ ಅದು ಹೊರಡುವ ಹಕ್ಕು ಅಷ್ಟೇ. ಹಕ್ಕಿದ್ದವರೆಲ್ಲ ಹೊರಡಲು ತಯಾರಾಗಿದ್ದಾರೆ ಅಂತಲ್ಲ.

ಕೆಲವು ಹೋಂಸ್ಟೇಯವರು ಸೇರಿ ಒಂದು ಬುಕಿಂಗ್ ವ್ಯವಸ್ಥೆ ಮಾಡಿಸಿಕೊಂಡಿದ್ದರು. ಮಾಡಿದ ಹುಡುಗ ಜಾಣ. ಲಿನಕ್ಸ್, ಪೋಸ್ಟ್‌ಗ್ರೆಸ್ ಡೇಟಾಬೇಸ್, ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದ್ದನ್ನೆಲ್ಲ ಒಟ್ಟಿಗೆ ಕಟ್ಟಿಡುವ ಡಾಕರ್ ಕಂಟೇನರ್, ಎಲ್ಲ ಅಚ್ಚುಕಟ್ಟು. ತಿಂಗಳ ಬಿಲ್ ಏರುತ್ತಾ ಹೋಗಿ ಇನ್ನೊಂದು ಕಂಪನಿಯ ಕ್ಲೌಡಿಗೆ ಹೋಗೋಣ ಅಂತ ತೀರ್ಮಾನಿಸಿ ನನ್ನನ್ನು ಕರೆದರು. ಹೊಸ ಜಾಗದಲ್ಲಿ ಪ್ರೋಗ್ರಾಂ ಮಧ್ಯಾಹ್ನದ ಊಟದೊಳಗೆ ಎದ್ದು ನಿಂತಿತು. ಎಲ್ಲರಿಗೂ ಖುಷಿ. ಆಮೇಲೆ ಒಬ್ಬ ಅಕ್ಕ ಲಾಗಿನ್ ಆಗಲು ನೋಡಿದರು. ಆಗಲಿಲ್ಲ. ಬೇರೆಯವರು ನೋಡಿದರು. ಯಾರಿಗೂ ಆಗಲಿಲ್ಲ.

ಯಾಕೆ ಅಂದರೆ, ಲಾಗಿನ್ ಮಾತ್ರ ಹಳೆಯ ಕ್ಲೌಡ್ ಕಂಪನಿಯದೇ ಸೇವೆ. ಹೆಸರು, ಇಮೇಲ್ ಅಲ್ಲಿಂದ ಹೊರಗೆ ಬರುತ್ತದೆ, ಪಾಸ್‌ವರ್ಡಿನ ಹ್ಯಾಶ್ (ಗುಟ್ಟಾಗಿ ಬದಲಿಸಿಟ್ಟ ರೂಪ) ಬರುವುದಿಲ್ಲ. ಬಳಕೆದಾರರೆಲ್ಲ ಹೊಸ ಪಾಸ್‌ವರ್ಡ್ ಮಾಡಿಕೊಳ್ಳಬೇಕಾಯಿತು. ಫೋಟೋಗಳದ್ದು ಇನ್ನೊಂದು ಕಥೆ. ಕೋಣೆಯ ಫೋಟೋ, ಅತಿಥಿಗಳ ಗುರುತಿನ ಚೀಟಿ, ಎಲ್ಲದಕ್ಕೂ ಡೇಟಾಬೇಸಿನಲ್ಲಿ ಹಳೆಯ ಕ್ಲೌಡಿನ ಪೂರ್ತಿ ವಿಳಾಸ ಬರೆದಿಟ್ಟಿದ್ದರು. ಹೊಸ ಸೈಟಿನಲ್ಲಿ ಫೋಟೋ ಚೆನ್ನಾಗಿಯೇ ಕಾಣುತ್ತಿತ್ತು, ಬರುತ್ತಿದ್ದುದು ಮಾತ್ರ ಹಳೆಯ ಜಾಗದಿಂದ. ಹಳೆಯ ಅಕೌಂಟ್ ಮುಚ್ಚಿದ್ದರೆ ಅಷ್ಟೂ ಹೋಗುತ್ತಿತ್ತು. ರಾತ್ರಿ ಬಿಲ್ ಲೆಕ್ಕ ಹಾಕುವ ತುಣುಕು ಕೂಡ ಆ ಕಂಪನಿಯ ಸೇವೆಯ ಮೇಲೇ ಕೂತಿತ್ತು. ಅದು ಇದೆ ಅನ್ನುವುದೇ ಆ ಹುಡುಗನಿಗೆ ಮರೆತುಹೋಗಿತ್ತು, ಪಾಪ.

ಚೀಲಕ್ಕೆ ತುಂಬಿ ಬಾಯಿ ಹೊಲಿದ ಕಾಫಿ ಯಾವ ಲಾರಿಗಾದರೂ ಏರುತ್ತದೆ, ಅದನ್ನು ಒಣಗಿಸಿದ ಕಣ ಏರುವುದಿಲ್ಲ. ಕಂಟೇನರ್ ಅಂದರೆ ಆ ಚೀಲ. ಲಾಗಿನ್, ಫೋಟೋ ಸಂಗ್ರಹ, ರಾತ್ರಿ ಕೆಲಸ, ಮೆಸೇಜ್ ಕಳಿಸುವ ಸೇವೆ, ಇವೆಲ್ಲ ಕಣ. ನಿಮ್ಮ ಪ್ರೋಗ್ರಾಂ ಯಾವ ಕಣದ ಮೇಲೆ ಹರಡಿಕೊಂಡಿದೆ ಅಂತ ಒಂದು ಹಾಳೆಯ ಮೇಲೆ ಬರೆಸಿ. ಲಾಗಿನ್‌ಗೆ ಕೀಕ್ಲೋಕ್‌ನಂಥ ಓಪನ್ ಸೋರ್ಸ್ ಸಾಫ್ಟ್‌ವೇರ್ ಇದೆ. ಫೋಟೋ ಇಡಲು ಅಮೆಜಾನ್ 2006ರಲ್ಲಿ ತಂದ ಎಸ್‌ತ್ರೀ ಎಂಬ ಫೈಲ್ ಸಂಗ್ರಹ ಸೇವೆಯ ಭಾಷೆಯನ್ನೇ ಈಗ ಬಹಳ ಕಂಪನಿಗಳು ಮಾತಾಡುತ್ತವೆ, ಸೆಫ್ ಎಂಬ ಓಪನ್ ಸೋರ್ಸ್ ಸಾಫ್ಟ್‌ವೇರ್ ಹಾಕಿಕೊಂಡರೆ ನಿಮ್ಮ ಸ್ವಂತ ಮೆಷಿನ್ ಕೂಡ ಮಾತಾಡುತ್ತದೆ. ವಿಳಾಸದಲ್ಲಿ ಫೈಲಿನ ಹೆಸರು ಮಾತ್ರ ಡೇಟಾಬೇಸಿಗೆ ಹಾಕಿ, ಅದಕ್ಕೂ ಮೊದಲು ಬರುವ ಕ್ಲೌಡಿನ ಭಾಗ ಸೆಟ್ಟಿಂಗಿನಲ್ಲಿರಲಿ.

ಹಾಗಂತ ಕಂಪನಿಗಳ ಸೇವೆ ಮುಟ್ಟಲೇಬಾರದು ಅಂತ ನಾನು ಹೇಳುವುದಿಲ್ಲ. ಡೇಟಾಬೇಸ್ ನೋಡಿಕೊಳ್ಳಲು ಜನ ಇಲ್ಲದ ಸಣ್ಣ ಆಫೀಸಿಗೆ ಅದು ಎಷ್ಟೋ ಸಲ ಸರಿಯಾದ ದಾರಿ. ಬಿಟ್ಟು ಹೋಗಲು ಏನು ಖರ್ಚು, ಎಷ್ಟು ದಿನ ಅಂತ ತಿಳಿದು ಬಳಸಿ, ಅಷ್ಟೇ. ಹಲವು ಮೆಷಿನ್‌ಗಳಲ್ಲಿ ಕಂಟೇನರ್ ಓಡಿಸಿ ನೋಡಿಕೊಳ್ಳುವ ಕುಬರ್ನೆಟಿಸ್ ಬೇಕಾ ಅಂತಲೂ ತುಂಬಾ ಜನ ಕೇಳುತ್ತಾರೆ. ಒಂದು ಮೆಷಿನ್‌ನಲ್ಲಿ ಓಡುವ ಚೆಕ್‌ರೋಲ್ (ಕೆಲಸಗಾರರ ಹಾಜರಿ, ಕೂಲಿ) ಲೆಕ್ಕಕ್ಕೆ ಬೇಡ. ಯಾವ ಯಾವ ಕಂಟೇನರ್ ಓಡಬೇಕು ಅಂತ ಬರೆದಿಡುವ ಡಾಕರ್ ಕಂಪೋಸ್ ಫೈಲ್ ಒಂದು ಸಾಕು. ಬ್ಯಾಂಕು, ಆಸ್ಪತ್ರೆಗಳಿಗೆ ಬೇರೆ ನಿಯಮಗಳಿವೆ, ಅವರು ತಮ್ಮ ಆಡಿಟರನ್ನು ಕೇಳಿಯೇ ಮುಂದುವರಿಯಲಿ.

ಈಗ ಮುಖ್ಯ ವಿಷಯ. ಬ್ಯಾಕಪ್ ಅನ್ನುವುದು ಒಂದು ಫೈಲ್. ಆ ಫೈಲಿನಿಂದ ಬೇರೆ ಮೆಷಿನ್‌ನಲ್ಲಿ ನಿಮ್ಮ ಕೆಲಸ ಮತ್ತೆ ನಡೆಯುವುದು ಇನ್ನೊಂದು. ನಾನು ಮೊದಲನೆಯದನ್ನು ಕೇಳುವುದೇ ಇಲ್ಲ, ಎರಡನೆಯದನ್ನು ಮಾತ್ರ ಕೇಳುತ್ತೇನೆ. ಆದರೂ ಪ್ರತಿ ಸಲ ಮೊದಲನೆಯದನ್ನೇ ತೋರಿಸುತ್ತಾರೆ. ಫೈಲಿನ ಹೆಸರು, ತಾರೀಕು, ಗಾತ್ರ, ಹಸಿರು ಟಿಕ್. ಅದರೊಳಗೆ ಏನಿದೆ, ಏನಿಲ್ಲ ಅಂತ ತೆರೆದು ನೋಡದೆ ಯಾರಿಗೂ ಗೊತ್ತಾಗುವುದಿಲ್ಲ, ನನಗೂ ಗೊತ್ತಾಗುವುದಿಲ್ಲ.

ಆ ಬ್ಯಾಕಪ್ಪೂ ನಿಮ್ಮ ಸರ್ವರ್ ಇರುವ ಅದೇ ಕಂಪನಿಯ ಅದೇ ಅಕೌಂಟಿನೊಳಗೆ ಇದ್ದರೆ ಇನ್ನೂ ಕಷ್ಟ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರಿಗೆ ಬೆಂಕಿ ಬಿತ್ತು. ಬ್ಯಾಕಪ್ಪನ್ನೂ ಅದೇ ಆವರಣದಲ್ಲಿ ಇಟ್ಟಿದ್ದ ಕೆಲವರು ಎರಡನ್ನೂ ಕಳೆದುಕೊಂಡರು. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿಯ ಗೂಗಲ್ ಕ್ಲೌಡ್ ಚಂದಾವೇ ಒಂದು ತಪ್ಪು ಸೆಟ್ಟಿಂಗಿನಿಂದ ಅಳಿಸಿಹೋಯಿತು. ಎರಡು ಬೇರೆ ಜಾಗಗಳಲ್ಲಿ ನಕಲು ಇಟ್ಟಿದ್ದರು, ಅಳಿಸುವಾಗ ಎರಡೂ ಕಡೆ ಅಳಿಸಿತು. ಆರು ಲಕ್ಷಕ್ಕೂ ಜಾಸ್ತಿ ಸದಸ್ಯರಿಗೆ ಸುಮಾರು ಒಂದು ವಾರ ತಮ್ಮ ಖಾತೆ ನೋಡಲಾಗಲಿಲ್ಲ. ಇನ್ನೊಂದು ಕಂಪನಿಯ ಬಳಿ ಇಟ್ಟಿದ್ದ ಬ್ಯಾಕಪ್ ನೆರವಿಗೆ ಬಂತು.

ಎಬ್ಬಿಸಿ ನೋಡುವುದು ಅಂದರೆ ಏನು? ಆಫೀಸಿನ ಮೂಲೆಯಲ್ಲಿರುವ ಹಳೆಯ ಕಂಪ್ಯೂಟರ್ ತೆಗೆದುಕೊಳ್ಳಿ. ಅದಕ್ಕೆ ಡೆಬಿಯನ್ ಲಿನಕ್ಸ್ ಹಾಕಿ. ನಿನ್ನೆಯ ಬ್ಯಾಕಪ್ ಮತ್ತು ಬರೆದಿಟ್ಟ ಸೂಚನೆ, ಇವೆರಡನ್ನೇ ಹಿಡಿದು ಇಡೀ ವ್ಯವಸ್ಥೆ ಎಬ್ಬಿಸಿ. ಮೂಲ ಸರ್ವರಿನಿಂದ ಒಂದಕ್ಷರವೂ ಕದ್ದು ನೋಡುವ ಹಾಗಿಲ್ಲ. ಸಾಧ್ಯವಾದರೆ ಆ ಸಾಫ್ಟ್‌ವೇರ್ ಮಾಡಿದ ಹುಡುಗನಿಗಿಂತ ಬೇರೆಯವರು ಮಾಡಲಿ, ಏಕೆಂದರೆ ಅವನ ತಲೆಯಲ್ಲಿ ಇರುವುದೆಲ್ಲ ಹಾಳೆಯ ಮೇಲೆ ಇರುವುದಿಲ್ಲ. ಪೋಸ್ಟ್‌ಗ್ರೆಸ್‌ನ ಬ್ಯಾಕಪ್ ಆಜ್ಞೆ ಪಿಜಿ ಡಂಪ್ ಒಂದು ಡೇಟಾಬೇಸನ್ನು ಕೊಡುತ್ತದೆ, ಅದರ ಬಳಕೆದಾರರ ಪಟ್ಟಿಗೆ ಪಿಜಿ ಡಂಪ್ ಆಲ್ ಬೇರೆಯಾಗಿ ಓಡಿಸಬೇಕು. ಇದು ಗೊತ್ತಾಗುವುದೇ ವಾಪಸ್ ಹಾಕುವಾಗ. ಆನ್‌ಲೈನ್ ಹಣ ಪಡೆಯುವ ಪೇಮೆಂಟ್ ಗೇಟ್‌ವೇಯ ಗುಟ್ಟಿನ ಕೀ ಇರುವ ಸೆಟ್ಟಿಂಗ್ ಫೈಲ್ ಬ್ಯಾಕಪ್ಪಿನಲ್ಲಿ ಇರುವುದೇ ಅಪರೂಪ. ಹೊಸ ಮೆಷಿನ್‌ನ ಗಡಿಯಾರ ನಮಗಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿಯಲ್ಲಿದ್ದರೆ ಬೆಂಗಳೂರಿನಿಂದ ರಾತ್ರಿ ಒಂದು ಗಂಟೆಗೆ ಬಂದಿಳಿದ ಅತಿಥಿಯ ಚೆಕ್‌ಇನ್ ಹಿಂದಿನ ತಾರೀಕಿಗೆ ಬೀಳುತ್ತದೆ, ಬಿಲ್ಲಿನಲ್ಲಿ ಒಂದು ದಿನ ಜಾಸ್ತಿ ಬರುತ್ತದೆ.

ಎದ್ದ ಮೇಲೆ ರೈಟರನ್ನು ಕೂರಿಸಿ. ಅವರಿಗೆ ಕಂಪ್ಯೂಟರ್ ನಮ್ಮಷ್ಟು ಗೊತ್ತಿಲ್ಲದಿರಬಹುದು, ಲೆಕ್ಕ ಮಾತ್ರ ನಮಗಿಂತ ಗೊತ್ತು. ಒಂದು ಎಸ್ಟೇಟಿನಲ್ಲಿ ನಾವೆಲ್ಲ ಸರಿಯಾಗಿದೆ ಅಂತ ಎದ್ದು ನಿಂತಿದ್ದೆವು. ಅಲ್ಲಿನ ಹಿರಿಯ ರೈಟರ್ ಮಳೆ ಲೆಕ್ಕದ ಪುಟ ತೆರೆದು ಸುಮ್ನೆ ಒಂದು ಸಲ ಕಣ್ಣಾಡಿಸಿ "ಇದೇನಪ್ಪಾ, ಸೆಂಟ್ಸ್ ಎಲ್ಲಿ?" ಅಂದರು. ಇಲ್ಲಿ ಮಳೆಯನ್ನು ಇಂಚು, ಸೆಂಟ್ಸ್‌ನಲ್ಲಿ ಬರೆಯುತ್ತಾರೆ ಅಲ್ವಾ, ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ. ಡೇಟಾಬೇಸಿನಿಂದ ಎಕ್ಸೆಲಿಗೆ, ಎಕ್ಸೆಲಿನಿಂದ ಮತ್ತೆ ಡೇಟಾಬೇಸಿಗೆ ಹೋಗುವಾಗ ಆ ಕಾಲಮ್ಮು ಪೂರ್ಣಾಂಕವಾಗಿ ದಶಾಂಶವೆಲ್ಲ ಬಿದ್ದುಹೋಗಿತ್ತು. ನಮ್ಮ ಯಾವ ಪರೀಕ್ಷೆಯೂ ಅದನ್ನು ಹಿಡಿದಿರಲಿಲ್ಲ.

ಅಲ್ಲೇ ಇನ್ನೊಂದು ಸಮಸ್ಯೆಯೂ ಸಿಕ್ಕಿತು. ಇದು ಕರ್ನಾಟಕದಲ್ಲೆಲ್ಲ ಇದೆ. ಹಳೆಯ ಕೆಲಸಗಾರರ ಹೆಸರುಗಳನ್ನು ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಇರುವ ಒಂದೇ ಸಂಕೇತ ಪದ್ಧತಿ) ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರು. ಆ ಫಾಂಟ್ ಇದ್ದರೆ ಮಾತ್ರ ಅದು ಕನ್ನಡ, ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಾಗಿ ಜೋಡಿಸಿದರೆ ಸರಿಯಾಗಿ ಕೂರುವುದಿಲ್ಲ. ಯಾವ ಕ್ಲೌಡಿಗೆ ಒಯ್ದರೂ ಅದು ಹಾಗೇ ಇರುತ್ತದೆ. ಯೂನಿಕೋಡಿಗೆ ಬದಲಿಸಲು ಪರಿವರ್ತಕಗಳಿವೆ. ಒತ್ತಕ್ಷರ, ಅರ್ಕಾವತ್ತು ಇರುವ ಹೆಸರುಗಳನ್ನು ಮಾತ್ರ ಕಣ್ಣಿಂದ ನೋಡಿಯೇ ಒಪ್ಪಿಕೊಳ್ಳಿ.

ಹೀಗೆ ಎಬ್ಬಿಸಿ ನೋಡಿದವರಿಗೆ ಮಳೆಗಾಲದಲ್ಲಿ ಇನ್ನೊಂದು ಅನುಕೂಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಮರ ಬಿದ್ದು ಕೇಬಲ್ ಹರಿಯುವುದು, ಕರೆಂಟ್ ದಿನಗಟ್ಟಲೆ ಹೋಗುವುದು ಹೊಸದೇನಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳೇ ಹೋದವು. ಬೆಂಗಳೂರಿನವರು ಪೋರ್ಟಬಲ್ ಅಂದಾಗ ಒಂದು ಕ್ಲೌಡಿನಿಂದ ಇನ್ನೊಂದಕ್ಕೆ ಅಂತ ಯೋಚಿಸುತ್ತಾರೆ. ಕೊಡಗಿನಲ್ಲಿ ಕ್ಲೌಡಿನಿಂದ ಆಫೀಸಿಗೆ ಬರುವುದೂ ಬೇಕು. ಅವೇ ಕಂಟೇನರ್‌ಗಳು ಆಫೀಸಿನ ಸಣ್ಣ ಮೆಷಿನ್‌ನಲ್ಲಿ ಯುಪಿಎಸ್ ಮೇಲೆ ಓಡಿದರೆ ಚೆಕ್‌ರೋಲ್ ನಿಲ್ಲುವುದಿಲ್ಲ, ಶನಿವಾರದ ಬಟವಾಡೆ ತಪ್ಪುವುದಿಲ್ಲ. ಆದರೆ ಎರಡೂ ಕಡೆ ಒಂದೇ ದಿನ ಬರೆದರೆ ಯಾವುದು ನಿಜ ಅನ್ನುವ ಜಗಳ ಬರುತ್ತದೆ, ಅದನ್ನು ಬಿಡಿಸುವುದು ಸುಲಭವಲ್ಲ. ನೆಟ್ ಹೋದಾಗ ಇಲ್ಲಿ ಮಾತ್ರ ಬರೆಯಬೇಕು, ನೆಟ್ ಬಂದ ಮೇಲೆ ಅದನ್ನು ಯಾರು ಕ್ಲೌಡಿಗೆ ಕಳಿಸಬೇಕು ಅಂತ ಮೊದಲೇ ನಿಗದಿ ಮಾಡಿಕೊಳ್ಳಿ. ಮೆಷಿನ್ ಗೋಡೆಗೆ ತಾಗಿಸಿ ಇಡಬೇಡಿ, ಮಳೆಗಾಲದ ಗೋಡೆಯ ತೇವ ನಿಮಗೇ ಗೊತ್ತು.

"ಡೇಟಾ ಹೊರಗೆ ತೆಗೆದರೆ ಕ್ಲೌಡ್ ಕಂಪನಿ ದುಡ್ಡು ಕೀಳುತ್ತೆ" ಅನ್ನುವವರಿಗೆ ಒಂದು ಮಾತು. ದೊಡ್ಡ ಗಾತ್ರಕ್ಕೆ ಅದು ನಿಜ. 2024ರ ಶುರುವಿನಲ್ಲಿ ಗೂಗಲ್, ಆಮೇಲೆ ಅಮೆಜಾನ್, ಪೂರ್ತಿ ಬಿಟ್ಟು ಹೋಗುವವರಿಗೆ ಆ ಶುಲ್ಕ ಬಿಡುವುದಾಗಿ ಹೇಳಿದವು, ಷರತ್ತುಗಳಿವೆ, ಓದಿಕೊಳ್ಳಿ. ಪರೀಕ್ಷೆಗೆ ಒಮ್ಮೆ ಇಳಿಸಿಕೊಳ್ಳುವುದಕ್ಕೆ ಆ ರಿಯಾಯಿತಿ ಸಿಗದು. ಆದರೆ ಒಂದು ಎಸ್ಟೇಟಿನ ಅಷ್ಟೂ ವರ್ಷದ ಲೆಕ್ಕ ಕೆಲವು ಜಿಬಿ ದಾಟುವುದು ಕಷ್ಟ. ಅಮೆಜಾನಿನಲ್ಲಂತೂ ತಿಂಗಳಿಗೆ ಮೊದಲ 100 ಜಿಬಿ ಹೊರಗೆ ತೆಗೆಯಲು ದುಡ್ಡಿಲ್ಲ.

ಹೀಗೆ ಎಬ್ಬಿಸಿ ನೋಡಲು ಎಸ್ಟೇಟಿನವರಿಗೆ ಏಪ್ರಿಲ್, ಮೇ ಒಳ್ಳೆಯ ಸಮಯ. ಕೊಯ್ಲಿನ ಲೆಕ್ಕ ಮುಗಿದಿರುತ್ತದೆ, ಮಳೆ ಇನ್ನೂ ಹಿಡಿದಿರುವುದಿಲ್ಲ. ಹೋಂಸ್ಟೇಯವರಿಗೆ ಆಗ ರಜೆಯ ಜನ ಜಾಸ್ತಿ, ಅವರು ಜೂನ್ ಮೊದಲ ವಾರದಲ್ಲಿ ಮಾಡಲಿ. ಅದೇ ದಿನ ನಿಮ್ಮ ಡೊಮೇನ್ (ವೆಬ್‌ಸೈಟಿನ ವಿಳಾಸ) ಯಾರ ಹೆಸರಿನಲ್ಲಿದೆ ಅಂತಲೂ ನೋಡಿಬಿಡಿ. ಸಾಫ್ಟ್‌ವೇರ್ ಮಾಡಿದ ಹುಡುಗನ ಹೆಸರಿನಲ್ಲಿದ್ದರೆ, ಅವನು ಎಷ್ಟೇ ಒಳ್ಳೆಯವನಾಗಿರಲಿ, ಅವನು ಫೋನ್ ಎತ್ತುವ ದಿನಗಳಲ್ಲೇ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.