ಜೀವಶಾಸ್ತ್ರ ಶಿಕ್ಷಕರ ಬೆನ್ನಿಗಿರುವ ಓದು

ಕರ್ನಾಟಕದ ಪ್ರೌಢಶಾಲೆಗಳಲ್ಲಿ ಜೀವಶಾಸ್ತ್ರ ಬೋಧಿಸುವವರನ್ನು ಸಿಬಿಝಡ್ ಶಿಕ್ಷಕರೆಂದು ಕರೆಯುವುದು ರೂಢಿ. ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ, ಸಸ್ಯಶಾಸ್ತ್ರ ಮತ್ತು ಪ್ರಾಣಿಶಾಸ್ತ್ರಗಳನ್ನು ಓದಿ, ಆಮೇಲೆ ಬಿ.ಇಡ್. ಮುಗಿಸಿ ಬಂದವರು ಇವರು. ಶಿಕ್ಷಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎನ್‌ಸಿಟಿಇಯ 2014ರ ನಿಯಮಾವಳಿ ಬಂದ ಮೇಲೆ ಬಿ.ಇಡ್. ಎರಡು ವರ್ಷದ ಕೋರ್ಸಾಗಿದ್ದು, ಅದರಲ್ಲಿ 20 ವಾರ ಶಾಲೆಯಲ್ಲೇ ಕಳೆಯಬೇಕು. ಪಿಯುಸಿ ಮುಗಿಸಿದವರು ಎರಡೂ ಪದವಿಗಳನ್ನು ಒಟ್ಟಿಗೆ ನಾಲ್ಕು ವರ್ಷಗಳಲ್ಲಿ ಪಡೆಯುವ ಬಿ.ಎಸ್ಸಿ.-ಬಿ.ಇಡ್. ಸಂಯೋಜಿತ ಕೋರ್ಸು ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿದೆ.

ಈ ಹಿನ್ನೆಲೆಯಲ್ಲಿ ತರಗತಿಗೆ ನಿಜವಾಗಿ ಒದಗುವುದು ಪ್ರಯೋಗಾಲಯದಲ್ಲಿ ಪಳಗಿದ ಕೈ ಎಂಬುದು, ಪ್ರಶಿಕ್ಷಣಾರ್ಥಿಗಳ ಪಾಠಗಳನ್ನು ಹಿಂದಿನ ಬೆಂಚಿನಲ್ಲಿ ಕುಳಿತು ನೋಡುತ್ತ ಬಂದಿರುವ ನನ್ನ ದೃಢವಾದ ಅಭಿಪ್ರಾಯ. ಹತ್ತನೇ ತರಗತಿಯ ಪಿಷ್ಟ ಪರೀಕ್ಷೆಯನ್ನೇ ನೋಡಿ. ಕುಂಡದ ಗಿಡವನ್ನು ಎರಡು ಮೂರು ದಿನ ಕತ್ತಲಲ್ಲಿಟ್ಟು, ಎಲೆಯಲ್ಲಿರುವ ಪಿಷ್ಟವೆಲ್ಲ ಖರ್ಚಾದ ಮೇಲೆ ಬಿಸಿಲಿಗಿಡಬೇಕು. ಎಲೆಯನ್ನು ಕುದಿಯುವ ನೀರಿನಲ್ಲಿ ಅದ್ದಿ ಮೆತ್ತಗಾಗಿಸಬೇಕು. ಪತ್ರಹರಿತ್ತು ಬಿಡುವಂತೆ ಸ್ಪಿರಿಟ್‌ನಲ್ಲಿ ಕಾಯಿಸುವಾಗ ಆ ಬೀಕರನ್ನು ನೇರವಾಗಿ ಉರಿಯ ಮೇಲಿಡದೆ ಬಿಸಿನೀರಿನ ಪಾತ್ರೆಯೊಳಗೆ ಇಡಬೇಕು. ಸ್ಪಿರಿಟ್‌ನಿಂದ ತೆಗೆದ ಎಲೆ ಗರಿಗರಿಯಾಗಿ ಮುರಿಯುವಂತಿರುವುದರಿಂದ ಮತ್ತೊಮ್ಮೆ ಬಿಸಿನೀರಿಗೆ ಅದ್ದಿ, ಹರಡಿ, ಆಮೇಲೆ ಅಯೋಡಿನ್ ಹಾಕಬೇಕು. ಪದವಿಯಲ್ಲಿ ಇದನ್ನು ತಾವೇ ಮಾಡಿದವರು ಎಲೆ ನೀಲಿ-ಕಪ್ಪಾಗದಿದ್ದರೆ ತಪ್ಪು ಯಾವ ಹಂತದಲ್ಲಾಗಿದೆಯೆಂದು ಮಕ್ಕಳ ಜೊತೆಗೇ ಹುಡುಕುತ್ತಾರೆ. ರೆಕಾರ್ಡ್ ಪುಸ್ತಕವನ್ನಷ್ಟೇ ತುಂಬಿಸಿ ಬಂದವರು ಫಲಿತಾಂಶವನ್ನು ಬೋರ್ಡಿನ ಮೇಲೆ ಬರೆದು ಮುಂದಿನ ಪಾಠಕ್ಕೆ ಹೋಗುತ್ತಾರೆ.

ಕೊರತೆಯಿರುವುದು ಭೌತಶಾಸ್ತ್ರದಲ್ಲಿ. ಪ್ರೌಢಶಾಲೆಯಲ್ಲಿ ವಿಜ್ಞಾನವೆಲ್ಲ ಒಂದೇ ವಿಷಯ. ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದ) ಶಿಕ್ಷಕರ ಅವಧಿಗಳು ಗಣಿತಕ್ಕೇ ಮುಗಿದುಹೋಗುವ ಶಾಲೆಗಳಲ್ಲಿ ಬೆಳಕು, ವಿದ್ಯುಚ್ಛಕ್ತಿಯ ಪಾಠಗಳೂ ಸಿಬಿಝಡ್ ಶಿಕ್ಷಕರ ಪಾಲಿಗೇ ಬರುತ್ತವೆ. ಆದರೆ ಅವರು ಭೌತಶಾಸ್ತ್ರವನ್ನು ಕೊನೆಯದಾಗಿ ಓದಿರುವುದು ದ್ವಿತೀಯ ಪಿಯುಸಿಯಲ್ಲಿ. ಮಸೂರದ ಸೂತ್ರದಲ್ಲಿ ಚಿಹ್ನೆಗಳ ನಿಯಮವನ್ನು ವಿವರಿಸುವಾಗ ಅವರು ತಡವರಿಸಿದರೆ ಅದನ್ನು ಅಸಡ್ಡೆ ಎನ್ನುವುದು ಅನ್ಯಾಯ. 2021-22ರಲ್ಲಿ ರಾಜ್ಯದ ಪದವಿ ತರಗತಿಗಳು ಎರಡು ಪ್ರಧಾನ ವಿಷಯಗಳಿಗೆ ಇಳಿದಾಗ ಪದವಿಯಲ್ಲಿ ಸಿಗುವ ವಿಜ್ಞಾನದ ತಳಹದಿ ಇನ್ನಷ್ಟು ಕಿರಿದಾಯಿತು. 2024-25ರಲ್ಲಿ ಮೂರು ವಿಷಯಗಳ ಪದ್ಧತಿ ಮರಳಿದ್ದು ಒಳ್ಳೆಯದೇ ಆಯಿತು.

ಆದ್ದರಿಂದ ಮುಖ್ಯ ಶಿಕ್ಷಕರು ಜೂನ್‌ನಲ್ಲಿ ವೇಳಾಪಟ್ಟಿ ಹಾಕುವಾಗಲೇ ಭೌತಶಾಸ್ತ್ರದ ಘಟಕಗಳನ್ನು ಸಾಧ್ಯವಾದಷ್ಟೂ ಪಿಸಿಎಂ ಶಿಕ್ಷಕರಿಗೆ ವಹಿಸಬೇಕು. ಒಬ್ಬರೇ ವಿಜ್ಞಾನ ಶಿಕ್ಷಕರಿರುವ ಊರುಗಳಿಗೂ ಸಿಬಿಝಡ್ ಶಿಕ್ಷಕರು ಹೋಗಬೇಕಾಗುವುದರಿಂದ, ಬಿ.ಇಡ್. ಕಾಲೇಜುಗಳು ಸಿಬಿಝಡ್ ಪ್ರಶಿಕ್ಷಣಾರ್ಥಿಗಳಿಂದ ಬೆಳಕು ಮತ್ತು ವಿದ್ಯುತ್ತಿನ ಒಂದೊಂದು ಪಾಠವನ್ನಾದರೂ ಉಪಕರಣಗಳೊಂದಿಗೆ ಮಾಡಿಸಿಯೇ ಕಳಿಸಬೇಕು.