ಹೀಟ್ ಆದ ಹಳೆಯ ಪಿಕಪ್: ಹೆಡ್ ಬಿಚ್ಚುವ ಮೊದಲು, ಬಿಚ್ಚಿದ ಮೇಲೆ

ಘಾಟಿ ಹತ್ತುವಾಗ ಹೀಟ್ ಆದ ಡೀಸೆಲ್ ಪಿಕಪ್ ಗ್ಯಾರೇಜಿಗೆ ಬಂದಾಗ ಚಾಲಕರು ಸಾಮಾನ್ಯವಾಗಿ ಹೇಳುವುದು ಇಷ್ಟು: ‘ಮುಳ್ಳು ಕೆಂಪಿಗೆ ಹೋಗಿತ್ತು, ಆಮೇಲೆ ತಾನಾಗಿಯೇ ಇಳಿಯಿತು, ಅದಕ್ಕೇ ಓಡಿಸಿಕೊಂಡು ಬಂದೆ.’ ಹೆಚ್ಚು ಭಯಪಡಬೇಕಾದ್ದು ಈ ಇಳಿದ ಮುಳ್ಳಿಗೇ. ಟೆಂಪರೇಚರ್ ಸೆನ್ಸರ್ ಕೂಲೆಂಟ್‌ನಲ್ಲಿ (ಇಂಜಿನ್ ತಣಿಸುವ ನೀರಿನಲ್ಲಿ) ಮುಳುಗಿದ್ದಾಗ ಮಾತ್ರ ನಿಜ ಹೇಳುತ್ತದೆ. ನೀರು ಖಾಲಿಯಾಗಿ ಅದರ ಸುತ್ತ ಬರೀ ಗಾಳಿ ಉಳಿದರೆ, ಪಕ್ಕದ ಲೋಹ ಸುಡುತ್ತಿದ್ದರೂ ಮುಳ್ಳು ಕೆಳಗೆ ಬರಬಹುದು. ಹಾಗಾಗಿ ಮೊದಲು ಕೇಳಬೇಕಾದ್ದು, ಮುಳ್ಳು ಇಳಿದ ಮೇಲೆ ಗಾಡಿ ಎಷ್ಟು ದೂರ ಓಡಿತು ಎಂದು.

ಬಹಳಷ್ಟು ಹಳೆಯ ಪಿಕಪ್‌ಗಳಲ್ಲಿ ಸಿಲಿಂಡರ್‌ಗಳಿರುವ ಬ್ಲಾಕ್ ಎರಕದ ಕಬ್ಬಿಣದ್ದು, ಅದನ್ನು ಮೇಲಿನಿಂದ ಮುಚ್ಚುವ ಹೆಡ್ ಅಲ್ಯೂಮಿನಿಯಂದು. ಶಾಖಕ್ಕೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಅರ್ಧ ಮೀಟರ್ ಉದ್ದದ ಹೆಡ್ 100 ಡಿಗ್ರಿ ಹೆಚ್ಚು ಕಾದರೆ ಸುಮಾರು 1.15 ಮಿ.ಮೀ. ಬೆಳೆಯಲು ನೋಡುತ್ತದೆ; ಅಷ್ಟೇ ಕಾದ ಬ್ಲಾಕ್ ಬೆಳೆಯುವುದು ಅರ್ಧ ಮಿ.ಮೀ.ಗಿಂತ ತುಸು ಹೆಚ್ಚು. ಬೋಲ್ಟುಗಳು ಬಿಗಿಯಾಗಿ ಹಿಡಿದಿರುವುದರಿಂದ ಹೆಡ್‌ಗೆ ಹಿಗ್ಗಲು ಜಾಗವಿಲ್ಲ. ಮಿತಿ ಮೀರಿದಾಗ ಅದು ಬಾಗುತ್ತದೆ, ತಣ್ಣಗಾದರೂ ಮತ್ತೆ ನೇರವಾಗುವುದಿಲ್ಲ. ಹೆಡ್ ಮತ್ತು ಬ್ಲಾಕ್ ನಡುವೆ ಸೋರದಂತೆ ಕೂರಿಸಿದ ಗ್ಯಾಸ್ಕೆಟ್ ಸೋರುವುದು ಇದರ ಫಲ. ಹೆಡ್ ಅಳೆಯದೆ ಬರೀ ಗ್ಯಾಸ್ಕೆಟ್ ಬದಲಿಸಿದರೆ ದುಡ್ಡೂ ಹೋಗುತ್ತದೆ, ಸೋರಿಕೆಯೂ ಮರಳಿ ಬರುತ್ತದೆ.

ಪರೀಕ್ಷೆ ಶುರುವಾಗಬೇಕಾದ್ದು ಪೂರ್ತಿ ತಣ್ಣಗಾದ ಇಂಜಿನ್‌ನಲ್ಲಿ. ಬಿಸಿ ರೇಡಿಯೇಟರ್‌ನ ಮುಚ್ಚಳ ತೆಗೆಯಲೇಬಾರದು. 0.9 ಬಾರ್ ಒತ್ತಡ ತಡೆಯುವ ಮುಚ್ಚಳದ ಒಳಗೆ ನೀರು ಸಮುದ್ರಮಟ್ಟದಲ್ಲಿ ಸುಮಾರು 118 ಡಿಗ್ರಿವರೆಗೂ ಕುದಿಯದೆ ಇರುತ್ತದೆ. ಮುಚ್ಚಳ ತೆಗೆದ ಕ್ಷಣ ಒತ್ತಡ ಇಳಿದು ಅಷ್ಟೂ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕಾದ ಇಂಜಿನ್‌ಗೆ ತಣ್ಣೀರು ಸುರಿಯುವುದೂ ತಪ್ಪು, ಹೆಡ್ ಬಿರುಕು ಬಿಡಬಹುದು.

ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿ ಮಟ್ಟ ಏರಿದ್ದರೆ ಕೂಲೆಂಟ್ ಸೇರಿದೆ. ಇಂಜಿನ್ ಸ್ಟಾರ್ಟ್ ಮಾಡಬೇಡಿ, ಬೇರಿಂಗ್ ಹೋಗುತ್ತದೆ. ಆಯಿಲ್ ಮುಚ್ಚಳದ ಒಳಬದಿಯಲ್ಲಿ ಮಾತ್ರ ತೆಳು ಬಿಳಿ ನೊರೆ ಇದ್ದರೆ ಗಾಬರಿ ಬೇಡ. ಬರೀ ಹತ್ತಿರದ ಓಡಾಟಕ್ಕೆ ಬಳಸುವ ಗಾಡಿಯಲ್ಲಿ ತೇವಾಂಶದಿಂದಲೂ ಅದು ಕಟ್ಟುತ್ತದೆ.

ಆಯಿಲ್ ಸರಿಯಿದ್ದರೆ ಕೂಲೆಂಟ್ ತುಂಬಿಸಿ, ಮುಚ್ಚಳ ಹಾಕಿ, ಸ್ಟಾರ್ಟ್ ಮಾಡಿ, ರೇಡಿಯೇಟರ್‌ನ ಮೇಲಿನ ಹೋಸ್ ಪೈಪನ್ನು ಫ್ಯಾನ್‌ಗೆ ಕೈ ತಾಗದಂತೆ ಹಿಸುಕಿ ನೋಡಿ. ಇಂಜಿನ್ ಇನ್ನೂ ತಣ್ಣಗಿರುವಾಗಲೇ ಒಂದೆರಡು ನಿಮಿಷದಲ್ಲಿ ಪೈಪ್ ಕಲ್ಲಿನಂತೆ ಗಟ್ಟಿಯಾದರೆ ಅದು ಶಾಖದ ಒತ್ತಡವಲ್ಲ. ಸಿಲಿಂಡರ್‌ನ ಗ್ಯಾಸ್ ನೀರಿನ ದಾರಿಗೆ ನುಗ್ಗುತ್ತಿದೆ. ಖಚಿತಪಡಿಸಿಕೊಳ್ಳಲು ರೇಡಿಯೇಟರ್ ಬಾಯಿಗೆ ಇಡುವ ನೀಲಿ ದ್ರವದ ಟೆಸ್ಟರ್ ಸಿಗುತ್ತದೆ. ಅದರಲ್ಲಿರುವುದು ಬ್ರೋಮೋಥೈಮಾಲ್ ಬ್ಲೂ. ಇಂಗಾಲದ ಡೈಆಕ್ಸೈಡ್ ಕರಗಿ ಆಮ್ಲೀಯವಾದಂತೆ ಅದು ಹಸಿರಾಗಿ, ಕೊನೆಗೆ ಹಳದಿಯಾಗುತ್ತದೆ. ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವಾಗ) ಡೀಸೆಲ್ ಹೊಗೆಯಲ್ಲಿ ಈ ಅನಿಲ ಕಡಿಮೆ, ಆದ್ದರಿಂದ ಆರ್‌ಪಿಎಂ ಏರಿಸಿಯೂ ನೋಡಬೇಕು.

ಆಮೇಲೆ ಕಂಪ್ರೆಷನ್, ಅಂದರೆ ಪಿಸ್ಟನ್ ಮೇಲೆ ಬಂದಾಗ ಸಿಲಿಂಡರ್‌ನೊಳಗೆ ಹುಟ್ಟುವ ಒತ್ತಡ. ಗ್ಲೋ ಪ್ಲಗ್ (ಸ್ಟಾರ್ಟ್ ಮಾಡುವಾಗ ಒಳಗೆ ಕಾಯಿಸುವ ಪ್ಲಗ್) ಅಥವಾ ಇಂಜೆಕ್ಟರ್ (ಡೀಸೆಲ್ ಚಿಮ್ಮಿಸುವ ನಳಿಕೆ) ರಂಧ್ರಕ್ಕೆ ಡೀಸೆಲ್ ಗೇಜ್ ಹಾಕಿ, ಬ್ಯಾಟರಿ ಪೂರ್ತಿ ಚಾರ್ಜ್ ಇರುವಾಗ ಅಳೆಯಿರಿ. ಚೆನ್ನಾಗಿರುವ ಡೀಸೆಲ್ ಇಂಜಿನ್ ಸಾಮಾನ್ಯವಾಗಿ 25ರಿಂದ 30 ಬಾರ್ ಆಸುಪಾಸಿನಲ್ಲಿರುತ್ತದೆ. ಅಕ್ಕಪಕ್ಕದ ಎರಡು ಸಿಲಿಂಡರ್ ಮಾತ್ರ ಬಿದ್ದಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆ ಹೆಚ್ಚು. ನಾಲ್ಕೂ ಇಳಿದು, ಆಯಿಲ್ ಮುಚ್ಚಳ ತೆಗೆದಾಗ ಹೊಗೆ ರಭಸದಿಂದ ಬಂದರೆ ರಿಂಗ್, ಪಿಸ್ಟನ್, ಲೈನರ್ ಪೆಟ್ಟು ತಿಂದಿವೆ ಎಂದು ಅನುಮಾನಿಸಬೇಕು. ಸಿಲಿಂಡರ್‌ಗೆ ಆಯಿಲ್ ಹಾಕಿ ಮತ್ತೆ ಅಳೆಯುವ ಪೆಟ್ರೋಲ್ ಇಂಜಿನ್‌ನ ಪದ್ಧತಿ ಇಲ್ಲಿ ಬೇಡ. 2.5 ಲೀಟರಿನ ನಾಲ್ಕು ಸಿಲಿಂಡರ್ ಡೀಸೆಲ್‌ನಲ್ಲಿ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 35–40 ಮಿ.ಲೀ. ಮಾತ್ರ. ಸುರಿದ ಆಯಿಲ್ ಆ ಜಾಗ ತುಂಬಿ ಸುಳ್ಳು ಲೆಕ್ಕ ಕೊಡುತ್ತದೆ, ಹೆಚ್ಚಾದರೆ ಕನೆಕ್ಟಿಂಗ್ ರಾಡ್ ಬಾಗಿಸುತ್ತದೆ.

ಹೆಡ್ ಬಿಚ್ಚಿದ ಮೇಲೆ ಮೈ ಉಜ್ಜಿ ಸ್ವಚ್ಛ ಮಾಡಿ, ಸ್ಟ್ರೇಟ್ ಎಡ್ಜ್ (ನಿಖರವಾಗಿ ನೇರವಾದ ಉಕ್ಕಿನ ಪಟ್ಟಿ) ಅನ್ನು ಉದ್ದಕ್ಕೆ, ಅಡ್ಡಕ್ಕೆ, ಎರಡೂ ಕರ್ಣಗಳಿಗೆ ಇಟ್ಟು ಕೆಳಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಎಲೆಗಳ ಸಾಧನ) ತೂರಿಸಿ. 0.05 ಮಿ.ಮೀ. ಎಲೆ ತೂರದಿದ್ದರೆ ಒಳ್ಳೆಯದು, 0.1 ತೂರಿದರೆ ಹಾಗೆಯೇ ಕೂರಿಸುವಂತಿಲ್ಲ. ಅಂತಿಮ ಮಿತಿ ಆ ಇಂಜಿನ್‌ನ ಸರ್ವಿಸ್ ಮ್ಯಾನ್ಯುವಲ್ ಹೇಳಿದ್ದು. ವಾಲ್ವ್ ಸೀಟುಗಳ ನಡುವಿನ ಸಣ್ಣ ಸೇತುವೆಯಲ್ಲಿ ಕೂದಲೆಳೆಯ ಬಿರುಕು ಬರುತ್ತದೆ, ಬರಿಗಣ್ಣಿಗೆ ತಪ್ಪಿಹೋಗುತ್ತದೆ. ಬಣ್ಣದ ದ್ರವ ಹಚ್ಚಿ ಬಿರುಕು ಪತ್ತೆ ಮಾಡುವ ಡೈ ಟೆಸ್ಟ್ ಮಾಡಿಸಿ. ನೀರಿನ ದಾರಿಗಳನ್ನು ಮುಚ್ಚಿ, ಗಾಳಿ ತುಂಬಿ, ಬಿಸಿನೀರಿನಲ್ಲಿ ಮುಳುಗಿಸುವ ಪ್ರೆಷರ್ ಟೆಸ್ಟನ್ನೂ ಮಾಡಿಸಿ. ತಣ್ಣಗಿರುವಾಗ ಮುಚ್ಚಿಕೊಂಡಿದ್ದ ಬಿರುಕು ಬಿಸಿಗೆ ಬಾಯಿ ಬಿಟ್ಟು ಗುಳ್ಳೆ ಕಾಣಿಸುತ್ತದೆ. ಫೇಸಿಂಗ್ ಮಾಡಿಸಿದರೆ (ಹೆಡ್‌ನ ಮೈ ತುಸು ತೆಗೆಸಿ ಸಮ ಮಾಡಿಸಿದರೆ) ವಾಲ್ವ್ ಮತ್ತು ಪಿಸ್ಟನ್ ನಡುವಿನ ಅಂತರ ಮತ್ತೆ ಅಳೆಯಲೇಬೇಕು; ಡೀಸೆಲ್‌ನಲ್ಲಿ ಅದು ಬಹಳ ಕಿರಿದು.

ಇಷ್ಟಾದರೂ ಮೂಲ ಕಾರಣ ಉಳಿದಿರುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಗಡಸು ಬೋರ್‌ವೆಲ್ ನೀರನ್ನೇ ರೇಡಿಯೇಟರ್‌ಗೆ ಹಾಕಿ ಓಡಿಸಿದ ಗಾಡಿಗಳಲ್ಲಿ ಒಳಗೆ ಸುಣ್ಣ ಕಟ್ಟುತ್ತದೆ. ಒಂದು ಮಿ.ಮೀ. ಸುಣ್ಣದ ಪದರ ಶಾಖವನ್ನು ತಡೆಯುವುದು ಹಲವು ಸೆಂಟಿಮೀಟರ್ ದಪ್ಪದ ಕಬ್ಬಿಣದಷ್ಟು. ರೇಡಿಯೇಟರ್ ಬಿಚ್ಚಿ ರಾಡಿಂಗ್ ಮಾಡಿಸಿ (ಕೊಳವೆಗಳಿಗೆ ಸರಳು ತೂರಿಸಿ ಶುಚಿ ಮಾಡಿಸಿ), ಡಿಸ್ಟಿಲ್ಡ್ ನೀರಿನಲ್ಲಿ ಸಮಪಾಲು ಕೂಲೆಂಟ್ ಬೆರೆಸಿ ತುಂಬಿಸಿ. ಥರ್ಮೋಸ್ಟ್ಯಾಟ್ (ಕಾದಾಗ ರೇಡಿಯೇಟರ್‌ಗೆ ನೀರಿನ ದಾರಿ ತೆರೆಯುವ ಕವಾಟ) ಅನ್ನು ನೀರಿನ ಪಾತ್ರೆಯಲ್ಲಿ ತೂಗುಬಿಟ್ಟು ಕಾಯಿಸಿ: ಮೇಲೆ 82 ಎಂದು ಕೊರೆದಿದ್ದರೆ ಅಷ್ಟು ಡಿಗ್ರಿಯ ಆಸುಪಾಸಿನಲ್ಲೇ ತೆರೆಯಲು ಶುರುವಾಗಬೇಕು. ತಡವಾಗಿ ತೆರೆದರೆ ಬದಲಿಸಿ. ಅದನ್ನು ತೆಗೆದುಹಾಕಿ ಖಾಲಿ ಬಿಟ್ಟರೆ ಕೆಲವು ಇಂಜಿನ್‌ಗಳಲ್ಲಿ ಬೈಪಾಸ್ ದಾರಿ ತೆರೆದೇ ಉಳಿದು, ಬಿಸಿನೀರಿನ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಇಂಜಿನ್‌ನೊಳಗೇ ಸುತ್ತುತ್ತದೆ.